ಸೀರಿಯಲ್ ಪೋರ್ಟಲ್ಲಿ ಕಳ್ದೋದ ಮೂವತ್ತು ಕೇಜಿ

ಸೊನ್ನೆ, ಮೂರು, ಐದು, ಆರು, ಒಂಬತ್ತು ಸರಿಯಾಗೇ ಬರ್ತಿತ್ತು. ಒಂದು, ಎರಡು, ನಾಲ್ಕು, ಏಳು, ಎಂಟು ಬಂದ್ರೆ ಮಾತ್ರ ಸ್ಕ್ರೀನ್ ಮೇಲೆ ಕಸ. ತೂಕದ ಮೆಷಿನ್ ಮೇಲೆ 35 ಕೇಜಿ ಕಲ್ಲು ಇಟ್ರೆ ಕಂಪ್ಯೂಟ್ರಲ್ಲೂ 35. ಇನ್ನೊಂದು ಕೇಜಿ ಇಟ್ರೆ 36, ಅದೂ ಸರಿ. ಮತ್ತೊಂದು ಕೇಜಿ ಇಟ್ರೆ ಮೂರು ಬಂದು, ಅದರ ಪಕ್ಕ ಕಡ್ಡಿಪುಡಿ ಉಗಿದಂಗೆ ಒಂದು ವಕ್ರ ಗುರುತು. ಅರ್ಧ ಅಂಕಿ ಸರಿ, ಅರ್ಧ ಅಂಕಿ ತಪ್ಪು ಅಂದ್ರೆ ವೈರ್ ಕೆಟ್ಟಿಲ್ಲ ಅಂತ ಅರ್ಥ. ವೈರ್ ಕೆಟ್ಟಿದ್ರೆ ಯಾವ ಅಂಕಿನೂ ಬಿಡಲ್ಲ. ಅಷ್ಟು ಗೊತ್ತಾದ್ಮೇಲೆ ಸ್ವಲ್ಪ ಧೈರ್ಯ ಬಂತು.

ಇದು ತೊಂಬತ್ತೊಂಬತ್ತರ ಮಾತು. ಗುಂಡ್ಲುಪೇಟೆ ದಾಟಿ ತೆರಕಣಾಂಬಿ ಕಡೆ ಹೋಗೋ ರಸ್ತೇಲಿ ಒಂದು ಹೂವಿನ ಯಾರ್ಡ್ ಇತ್ತು. ಮುಡಿಯೋ ಹೂವಲ್ಲ, ಚೆಂಡು ಹೂ. ಬಣ್ಣ ತೆಗೆಯೋ ಫ್ಯಾಕ್ಟರಿಗೆ ಹೋಗೋದು. ಸುತ್ತಮುತ್ತಲ ಊರಿನೋರು ಬೆಳಗ್ಗೆನೇ ಕುಯ್ದು ಬಲೆ ಚೀಲದಲ್ಲಿ ತುಂಬ್ಕೊಂಡು ತರ್ತಿದ್ರು. ಗೇಟ್ ಪಕ್ಕದ ತಗಡಿನ ಶೆಡ್ಡಲ್ಲಿ ತೂಕ, ಯಾರ್ಡಿನ ಆ ತುದೀಲಿ ಆಫೀಸ್ ಕಿಟಕೀಲಿ ಚೀಟಿ. ಆ ವರ್ಷ ಫ್ಯಾಕ್ಟರಿಯವ್ರು ಕೈಬರಹದ ಚೀಟಿ ಆಗಲ್ಲ, ಪ್ರಿಂಟ್ ಆದದ್ದೇ ಬೇಕು ಅಂದ್ರು. ಯಾರ್ಡ್ ನಡೆಸ್ತಿದ್ದ ಯಜಮಾನ್ರು ಎಲೆಕ್ಟ್ರಾನಿಕ್ ತೂಕದ ಮೆಷಿನ್ ತಂದ್ರು. ಅದನ್ನ ಮಾರಿದ ಮೈಸೂರಿನೋರು ಕಂಪ್ಯೂಟರ್ ಪ್ರೋಗ್ರಾಮಿಗೆ ಬೇರೆ ರೇಟು ಹೇಳಿದ್ರು. ಅಲ್ಲೇ ನಿಂತಿದ್ದ ನಾನು ಮಧ್ಯೆ ಬಾಯಿ ಹಾಕಿ, ನಾನೇ ಮಾಡ್ಕೊಡ್ತೀನಿ, ಲೈನಕ್ಸಲ್ಲಿ ಅಂದ್ಬಿಟ್ಟೆ.

"ಲೈನಕ್ಸು ಅಂದ್ರೆ ಯಾವ್ ಕಂಪ್ನೀದ್ಲಾ?" ಅಂದ್ರು ಯಜಮಾನ್ರು.

"ಯಾವ ಕಂಪ್ನೀದೂ ಅಲ್ಲ ಯಜಮಾನ್ರೇ."

"ಅಂಗಾರೆ ಕೆಟ್ರೆ ಯಾರ್ನ ಬೈಯದು?"

"ನನ್ನ."

"ಸರಿ, ಆಕು."

ಮ್ಯಾಗಜೀನ್ ಜೊತೆ ಬಂದಿದ್ದ ಸೀಡಿ ಇಟ್ಕೊಂಡು ಕಲ್ತಿದ್ದೋನು ನಾನು. ಆ ಸೀಡಿ ಒಳಗೆ ಯಾವುದನ್ನ ಹೆಂಗೆ ಮಾಡೋದು ಅಂತ ಬರ್ದಿದ್ದ ಹೌ-ಟು ಫೈಲ್‌ಗಳು ಬಿಟ್ರೆ ನಂಗೆ ಬೇರೆ ಮೇಷ್ಟ್ರಿರ್ಲಿಲ್ಲ. ಯಜಮಾನ್ರ ಹತ್ರ ಇದ್ದ ಹಳೇ 486 ಮೆಷಿನ್ನಿಗೆ ಲೈನಕ್ಸ್ ಹಾಕಿ, ಅದರ ಬೆನ್ನಲ್ಲಿದ್ದ ಸೀರಿಯಲ್ ಪೋರ್ಟಿಗೆ ತೂಕದ ಮೆಷಿನ್ನಿಂದ ಬಂದ ವೈರ್ ಸಿಕ್ಕಿಸಿದ್ದೆ. ಕೆಲಸ ಏನೂ ದೊಡ್ಡದಲ್ಲ. ಶೆಡ್ಡಲ್ಲಿ ತೂಕದಣ್ಣ ಚೀಲ ಇಡಿಸಿ, ಪ್ರಿಂಟ್ ಬಟನ್ ಒತ್ತಬೇಕು. ಒತ್ತಿದ್ರೆ ತೂಕದ ಅಂಕಿ ಒಂದು ಸಾಲಾಗಿ ವೈರಲ್ಲಿ ಬರುತ್ತೆ. ನನ್ನ ಪ್ರೋಗ್ರಾಮ್ ಅದನ್ನ ಓದಿ ಚೀಟಿ ಹೊಡಿಬೇಕು. ಈ ತೂಕದಣ್ಣ ಇಪ್ಪತ್ತು ವರ್ಷ ತಕ್ಕಡಿ ಹಿಡಿದಿದ್ದೋರು. ಬಟನ್ ಒತ್ತೋ ಕೆಲಸ ಅವರಿಗೆ ಒಂಚೂರೂ ಹಿಡಿಸಿರ್ಲಿಲ್ಲ. ನಂಗೆ ಹೆಸರಿದ್ರೂ 'ಕಂಪೂಟ್ರು' ಅಂತಾನೇ ಕರೀತಿದ್ರು.

ಕಸದ ವಿಷಯಕ್ಕೆ ಬರ್ತೀನಿ. ಪೇಪರ್ ಮೇಲೆ ಹತ್ತೂ ಅಂಕಿನ ಬಿಟ್ ಬಿಟ್ಟಾಗಿ, ಅಂದ್ರೆ ಒಂದು-ಸೊನ್ನೆಗಳಾಗಿ, ಬರ್ದು ನೋಡ್ದೆ. ಒಂದೊಂದು ಅಂಕಿನೂ ಏಳು ಬಿಟ್ಟಾಗಿ ಹೊರಡುತ್ತೆ. ಅದರ ಹಿಂದೆ ಮೆಷಿನ್ನು ಎಂಟನೇದೊಂದು ಬಿಟ್ ಸೇರಿಸ್ತಿತ್ತು, ಒಟ್ಟು ಲೆಕ್ಕದಲ್ಲಿ ಒಂದುಗಳು ಯಾವಾಗ್ಲೂ ಸಮಸಂಖ್ಯೇಲಿ ಇರ್ಲಿ ಅಂತ. ಇದಕ್ಕೆ ಪ್ಯಾರಿಟಿ ಅಂತಾರೆ. ದಾರೀಲಿ ಒಂದು ಬಿಟ್ ಕೆಟ್ರೆ ಲೆಕ್ಕ ತಪ್ಪುತ್ತೆ, ಗೊತ್ತಾಗುತ್ತೆ. ನನ್ನ ಪೋರ್ಟಿಗೆ ಆ ಎಂಟನೇ ಬಿಟ್ಟು ಬರೀ ಕಾವಲಿಗೆ ಬಂದಿರೋದು ಅಂತ ಯಾರೂ ಹೇಳಿರ್ಲಿಲ್ಲ. ಅದನ್ನೂ ಅಂಕಿ ಒಳಗೇ ಸೇರಿಸಿ ಓದ್ತಿತ್ತು. 0, 3, 5, 6, 9ಕ್ಕೆ ಆ ಬಿಟ್ ಸೊನ್ನೆ, ಹಂಗಾಗಿ ಏನೂ ಆಗ್ತಿರ್ಲಿಲ್ಲ. ಮಿಕ್ಕ ಐದಕ್ಕೆ ಒಂದು, ಹಂಗಾಗಿ ಕಸ. stty ಅಂತ ಒಂದು ಕಮಾಂಡ್ ಇದೆ, ಪೋರ್ಟಿಗೆ ಬುದ್ಧಿ ಹೇಳೋದಕ್ಕೆ. ಏಳು ಬಿಟ್, ಸಮ ಪ್ಯಾರಿಟಿ ಅಂತ ಅದರಲ್ಲಿ ಹೇಳ್ದೆ. 37 ಬಂತು. 38 ಬಂತು. ನಾನು ಶೆಡ್ಡಿಗೂ ಆಫೀಸಿಗೂ ಓಡಾಡಿ ಓಡಾಡಿ ಕಲ್ಲು ಬದಲಾಯಿಸಿ ನೋಡ್ತಿದ್ರೆ ತೂಕದಣ್ಣ, "ಯಾಕ್ಲಾ ಕಂಪೂಟ್ರು, ಕಲ್ಲಿಗ್ ಪೂಜೆ ಮಾಡೀಯಾ?" ಅಂದ್ರು.

ಆದ್ರೂ ಯಾವಾಗಾದ್ರೂ ಒಂದೊಂದು ಕಸದ ಅಕ್ಷರ ಬರ್ತಾನೇ ಇತ್ತು. ಹೌ-ಟು ತಿರುವಿ ಹಾಕಿದೆ. ignpar ಅಂತ ಒಂದು ಸೆಟ್ಟಿಂಗ್ ಸಿಕ್ತು. ಕೆಟ್ಟ ಅಕ್ಷರ ಬಂದ್ರೆ ಒಳಗೆ ಬಿಡಬೇಡ, ಬಿಸಾಕು ಅಂತ ಅದರ ಅರ್ಥ. ಹಾಕ್ದೆ. ಕಸ ಪೂರ್ತಿ ನಿಂತೋಯ್ತು. ಸ್ಕ್ರೀನ್ ತೊಳೆದಿಟ್ಟಂಗೆ ಕಾಣ್ತಿತ್ತು.

ಹೂ ಬರೋಕೆ ಶುರುವಾಯ್ತು. ಮೊದಲ ಕೆಲವು ದಿನ ಯಾವ ತಕರಾರೂ ಇಲ್ಲ. ಆಮೇಲೆ ಒಂದು ಸೋಮವಾರ ಬೆಳಗ್ಗೆ ಅಕ್ಕ ಬಂದ್ರು. ತೆರಕಣಾಂಬಿ ಹತ್ರದ ಒಂದೂರಿಂದ, ತಮ್ಮ ಬೀದಿ ಮನೆಗಳವರದ್ದೆಲ್ಲಾ ಹೂ ಒಟ್ಟಿಗೆ ಟ್ರ್ಯಾಕ್ಟ್ರಲ್ಲಿ ಹಾಕ್ಕೊಂಡು ಬರ್ತಿದ್ದೋರು ಅವರು. ವಾರಕ್ಕೊಂದು ಸಲ, ಸೋಮವಾರ. ಯಾರ್ಡಿಗೆ ಬರೋ ಹೂವಲ್ಲಿ ಅದೇ ದೊಡ್ಡ ಪಾಲು. ಅವತ್ತು ಚೀಟಿ ಇಸ್ಕೊಂಡು ಎರಡು ಹೆಜ್ಜೆ ಹೋದೋರು ವಾಪಸ್ ಬಂದು ಅದನ್ನ ಕಿಟಕಿ ಒಳಕ್ಕೆ ತಳ್ಳಿದ್ರು.

"ಯಾನ್ಲಾ ಮಗ ಇದು? ಅಲ್ಲಿ ಕೆಂಪು ದೀಪದಲ್ಲಿ ಮೂವತ್ತೆಂಟು ಚಿಲ್ರೆ ತೋರುಸ್ತು. ಕಣ್ಣಾರೆ ನೋಡಿವ್ನಿ. ಇಲ್ಲಿ ಎಂಟು ಚಿಲ್ರೆ ಅಂತ ಅದೆ. ಗೇಟಿಂದ ಕಿಟಕಿಗ್ ಬರೋದ್ರೊಳಗೆ ಮೂವತ್ತು ಕೇಜಿ ಎಲ್ಲೋಯ್ತು?"

"ಅಕ್ಕ, ಅದು ಏನಾಗಿದೆ ಅಂದ್ರೆ..."

"ಬಾಡೋಯ್ತಾ?"

ಸಾಲಲ್ಲಿದ್ದೋರು ನಕ್ರು. ಶೆಡ್ಡಿಂದ ತೂಕದಣ್ಣ ಕೂಗಿದ್ರು: "ಕಂಪೂಟ್ರು ಮುಡ್ಕಂಡಿರ್ಬೇಕು ಕಣಕ್ಕ, ಹೂವಲ್ವಾ!"

ಅಕ್ಕ ನಗಲಿಲ್ಲ. "ನಗ್ಬ್ಯಾಡ ಸುಮ್ನಿರಣ್ಣ. ಇದು ನನ್ನೊಬ್ಬಳ ಚೀಲ ಅಲ್ಲ. ಬೀದಿಯೋರೆಲ್ಲಾ ನನ್ನ ನಂಬಿ ಕಳುಸ್ತಾರೆ. ಈ ಚೀಟಿ ತಗಂಡೋಗಿ ಅವ್ರ ಕೈಗ್ ಕೊಟ್ರೆ, ಕದ್ದೋಳು ಯಾರು ಅಂತಾರೆ? ಕಂಪೂಟ್ರು ಅಂತಾರಾ, ನಾನು ಅಂತಾರಾ?" ಅಷ್ಟೊತ್ತಿಗೆ ಯಜಮಾನ್ರು ಎದ್ದು ಬಂದಿದ್ರು. ಅಕ್ಕ ಅವರ ಕಡೆ ತಿರುಗಿದ್ರು. "ಯಜಮಾನ್ರೇ, ಮುಂದಿನ್ ಕುಯ್ಲಲ್ಲೂ ಇಂಗೇ ಆದ್ರೆ ನಮ್ ಟ್ರಾಕ್ಟ್ರು ಬೇಗೂರ್ ಕಡೆ ಯಾರ್ಡಿಗೆ ಓಯ್ತದೆ. ಬ್ಯಾಸ್ರ ಮಾಡ್ಕಬ್ಯಾಡಿ."

ಬೇಗೂರು ಅವರಿಗೆ ದೂರ. ಅಲ್ಲಿಗೆ ಹೋಗೋದ್ರೊಳಗೆ ಹೂ ಬಾಡಿ ತೂಕ ಇಳಿಯುತ್ತೆ. ಅದು ಗೊತ್ತಿದ್ದೇ ಹೇಳ್ತಿದ್ರು. ಯಜಮಾನ್ರು ಚೀಲ ಮತ್ತೆ ತೂಗಿಸಿ, ಕೈಯಾರೆ ಚೀಟಿ ಬರೆದುಕೊಟ್ರು. ಟ್ರ್ಯಾಕ್ಟರ್ ಹೋದ್ಮೇಲೆ ನನ್ನ ಹತ್ರ ಬಂದು ಮೆಲ್ಲಗೇ ಹೇಳಿದ್ರು.

"ಕೆಟ್ರೆ ನನ್ನ ಬೈಯಿ ಅಂದಿದ್ದೆ ನೀನು. ಬೈಯಲ್ಲ. ಮುಂದಿನ್ ಸೋಮ್ವಾರ ಆ ಯಮ್ಮ ಬಂದು, ತಕರಾರಿಲ್ದೆ ಚೀಟಿ ತಗಂಡೋಗ್ಬೇಕು. ಇಲ್ಲಾಂದ್ರೆ ಮೈಸೂರಿನೋರ್ಗೆ ಫೋನ್ ಮಾಡ್ತೀನಿ. ನಿನ್ ಲೈನಕ್ಸ್ ನೀನ್ ತಗಂಡೋಗು."

ನನ್ನ ಲೆಕ್ಕ ಹಿಂಗಿತ್ತು. ಸೀರಿಯಲ್ ಪೋರ್ಟಿನ ಹಳೇ ಚಿಪ್ಪು ಒಂದು ಸಲಕ್ಕೆ ಒಂದೇ ಅಕ್ಷರ ಹಿಡ್ಕೊಳುತ್ತೆ. ಕಂಪ್ಯೂಟರ್ ಅದನ್ನ ಎತ್ಕೊಳೋದ್ರೊಳಗೆ ಇನ್ನೊಂದು ಬಂದ್ರೆ ಒಂದು ಕಳೆದುಹೋಗುತ್ತೆ. ಜನ ಜಾಸ್ತಿ ಇದ್ದಾಗ ಡಿಸ್ಕೂ ಓಡ್ತಿರುತ್ತೆ, ಪ್ರಿಂಟರೂ ಹೊಡೀತಿರುತ್ತೆ, ಪೋರ್ಟ್ ಕಡೆ ನೋಡೋಕೆ ಪುರುಸೊತ್ತಿರಲ್ಲ. ಹಂಗಾಗಿ ಮೂವತ್ತೆಂಟರ ಮೂರು ಬಿದ್ದೋಗಿದೆ. ಇದಕ್ಕೆ ಓವರ್‌ರನ್ ಅಂತಾರೆ. ಹೌ-ಟುವಲ್ಲಿ ಇದಕ್ಕೆ ಮದ್ದೂ ಬರ್ದಿತ್ತು: 16550 ಅನ್ನೋ ಚಿಪ್ಪಿರೋ ಕಾರ್ಡ್ ಹಾಕು, ಅದು ಹದಿನಾರು ಅಕ್ಷರ ಹಿಡ್ಕೊಳುತ್ತೆ.

ಮಂಗಳವಾರ ಯಾರ್ಡಿಗೆ ರಜ. ಬೆಳಗ್ಗೆ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸ್ತಿದ್ದ ಮೇಷ್ಟ್ರೊಬ್ರು ಗೊತ್ತಿದ್ರು. ಅವರ ಕ್ಲಾಸಿನ ಮೂಲೇಲಿ ಸತ್ತೋದ ಮೆಷಿನ್ ಒಂದಿತ್ತು. ಸ್ಕ್ರೂಡ್ರೈವರ್ ಕೊಟ್ಟು, "ಒಳಗೆ ಏನು ಬೇಕೋ ತಗೋ. ಆದ್ರೆ ಮುಚ್ಚಳ ವಾಪಸ್ ಹಾಕು, ಹುಡುಗ್ರು ಅದನ್ನ ಬೆಂಚ್ ಮಾಡ್ಕೊಂಡಿದಾರೆ" ಅಂದ್ರು. ಕಾರ್ಡ್ ತೆಗೆದು ಬೆಳಕಿಗೆ ಹಿಡಿದು ಚಿಪ್ಪಿನ ಮೇಲಿದ್ದ ನಂಬರ್ ಓದಿದೆ. ಬೇಕಾಗಿದ್ದೇ ಇತ್ತು.

ಮಧ್ಯಾಹ್ನ ವಾಪಸ್ ಬಂದು ಹಾಕ್ದೆ. ಹಳೇ ಪೋರ್ಟು, ಹೊಸ ಪೋರ್ಟು ಎರಡೂ ಕಂಪ್ಯೂಟರನ್ನ ಕರೆಯೋ ಒಂದೇ ಲೈನಿಗೆ, ಅಂದ್ರೆ ಇಂಟರಪ್ಟ್‌ಗೆ, ಕಿತ್ತಾಡಿದ್ರಿಂದ ಮೊದಲು ಒಂದಕ್ಷರನೂ ಬರ್ಲಿಲ್ಲ. ಹಳೇದನ್ನ ಜಂಪರ್ ಅನ್ನೋ ಪುಟ್ಟ ಕ್ಲಿಪ್ ಕಿತ್ತು ಸುಮ್ಮನಿರಿಸಿದ್ಮೇಲೆ ಸರಿಹೋಯ್ತು. ಸಂಜೆವರೆಗೂ ಕಲ್ಲಿಟ್ಟು ಬಟನ್ ಒತ್ತಿ ನೋಡ್ದೆ. ಒಂದೂ ತಪ್ಪಿಲ್ಲ. ಬುಧವಾರ ಬೆಳಗ್ಗೆ ಗೇಟಿನಾಚೆವರೆಗೂ ಸಾಲು ನಿಂತಿತ್ತು. ಒಂದೂ ತಪ್ಪಿಲ್ಲ. ಜನ ಜಾಸ್ತಿ ಇದ್ದಾಗಲೇ ತಪ್ಪಾಗೋದು ಅಂತ ಅಂದ್ಕೊಂಡಿದ್ನಲ್ಲ, ಅಷ್ಟು ಜನ ಇದ್ರೂ ತಪ್ಪಿಲ್ಲ. ಯಜಮಾನ್ರಿಗೆ, ಆಯ್ತು ಯಜಮಾನ್ರೇ, ಸಿಕ್ತು ಕಾಯಿಲೆ ಅಂದೆ.

ಊಟ ಆದ್ಮೇಲೆ ಒಬ್ಬ ರೈತ ಚೀಟಿ ಹಿಡ್ಕೊಂಡು ಕಿಟಕಿಗೆ ಬಂದ. ನಗ್ತಿದ್ದ.

"ಅಣ್ಣಯ್ಯ, ನಾನೂರ ಹನ್ನೆರಡು ಕೇಜಿ ಅಂತ ಕೊಟ್ಟಿದ್ದೀಯಲ್ಲ? ಬಂಡೀಪುರದ ಆನೆಮರಿ ಇಡ್ಕಬಂದಿದ್ನಾ ನಾನು?"

ನಲವತ್ತೊಂದು ಪಾಯಿಂಟ್ ಎರಡು. ಮಧ್ಯದ ಚುಕ್ಕಿ ಬಿದ್ದೋಗಿತ್ತು.

"ಕೊಡಣ್ಣ, ಬೇರೆ ಹೊಡ್ಕೊಡ್ತೀನಿ."

"ಇರ್ಲಿ ಬುಡು. ನಂಗೇನೂ ತಕರಾರಿಲ್ಲ."

ಅವನ ಕೈಯಿಂದ ಚೀಟಿ ಇಸ್ಕೊಳೋದೇ ಕಷ್ಟ ಆಯ್ತು. ಎಲ್ಲರೂ ನಕ್ಕಿದ್ದಾದ್ಮೇಲೆ ನಾನು ಕೂತು ಯೋಚನೆ ಮಾಡ್ದೆ. ಮೂವತ್ತೆಂಟು ಎಂಟಾದ್ರೆ ಜಗಳ ಆಗುತ್ತೆ. ನಲವತ್ತೊಂದು ನಾನೂರಾದ್ರೆ ನಗು ಬರುತ್ತೆ. ಆದ್ರೆ 41.2ರಲ್ಲಿ ಕೊನೇ ಎರಡು ಬಿದ್ದೋದ್ರೆ? ಬರೀ 41. ಯಾರೂ ನೋಡಲ್ಲ, ಯಾರೂ ಕೇಳಲ್ಲ. ಅಂಥವು ಎಷ್ಟು ಚೀಟಿ ಹೋಗಿದೆಯೋ ನಂಗೂ ಗೊತ್ತಿರ್ಲಿಲ್ಲ, ಇಸ್ಕೊಂಡೋರಿಗೂ ಗೊತ್ತಿರ್ಲಿಲ್ಲ.

ಸಾಯಂಕಾಲ ಹೌ-ಟು ಫೈಲನ್ನ ಅವಸರ ಮಾಡದೇ ಮೊದಲಿಂದ ಓದಿದೆ. ಲೈನಕ್ಸು ಸೀರಿಯಲ್ ಪೋರ್ಟಿನ ತಪ್ಪುಗಳನ್ನ ತಾನೇ ಎಣಿಸ್ತಿರುತ್ತೆ, /proc ಅನ್ನೋ ಜಾಗದಲ್ಲಿ ನೋಡ್ಬೋದು ಅಂತ ಇತ್ತು. ತೆಗೆದು ನೋಡ್ದೆ. ಓವರ್‌ರನ್ ಆಗಿದ್ರೆ oe ಅಂತ ತೋರಿಸ್ಬೇಕು. oe ಅನ್ನೋದೇ ಅಲ್ಲಿರ್ಲಿಲ್ಲ. ಒಂದು ಸಲಾನೂ ಆಗಿಲ್ಲ. ಇದ್ದದ್ದು fe. ಫ್ರೇಮಿಂಗ್ ಎರರ್. ಅಂದ್ರೆ ಅಕ್ಷರ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಪೋರ್ಟಿಗೆ ಗೊತ್ತಾಗದಷ್ಟು ವೈರಲ್ಲೇ ಗಲಾಟೆ. ಚಾಮರಾಜನಗರದಿಂದ ತಂದ ಕಾರ್ಡು ಇಲ್ಲದ ಕಾಯಿಲೆಗೆ ಮದ್ದು.

ಇನ್ನೊಂದೂ ಅವತ್ತೇ ಅರ್ಥ ಆಯ್ತು. ಕೆಟ್ಟ ಅಕ್ಷರ ಬಂದ್ರೆ ಬಿಸಾಕು ಅಂತ ignpar ಹಾಕಿದ್ನಲ್ಲ. ಪೋರ್ಟು ಹೇಳಿದ್ದನ್ನ ಹೇಳಿದಂಗೇ ಮಾಡ್ತಿತ್ತು. ಮೂವತ್ತೆಂಟರ ಮೂರು ಕೆಟ್ಟು ಬಂದ್ರೆ ಅದನ್ನ ಬಿಸಾಕಿ, ಮಿಕ್ಕಿದ್ದನ್ನ ಚೊಕ್ಕವಾಗಿ ಕೊಡ್ತಿತ್ತು. ಸ್ಕ್ರೀನ್ ಮೇಲೆ ಕಸ ಇದ್ದಿದ್ರೆ ನೋಡಿದೋರಿಗೆ ಅನುಮಾನ ಬರ್ತಿತ್ತು. ಚೊಕ್ಕವಾಗಿ ಇದ್ದಿದ್ದೇ ತೊಂದ್ರೆ.

ವೈರಲ್ಲಿ ಗಲಾಟೆ ಎಲ್ಲಿಂದ ಬರ್ತಿದೆ ಅಂತ ನಂಗೆ ಇನ್ನೂ ಗೊತ್ತಿರ್ಲಿಲ್ಲ. ಅದು ಗೊತ್ತಾಗೋವರೆಗೆ ಏನು ಮಾಡ್ಬೇಕು ಅನ್ನೋದು ಪ್ರಶ್ನೆ. ಅವತ್ತು ರಾತ್ರೀನೇ ಯಜಮಾನ್ರ ಹತ್ರ ಹೋದೆ.

"ಯಜಮಾನ್ರೇ, ತಪ್ಪು ನಿಲ್ಲಿಸೋಕೆ ಇನ್ನೂ ಆಗಿಲ್ಲ. ಆದ್ರೆ ತಪ್ಪಾದ್ರೆ ಎಲ್ರಿಗೂ ಗೊತ್ತಾಗೋ ಹಂಗೆ ಮಾಡ್ಬೋದು."

"ಎಲ್ರಿಗೂ ಅಂದ್ರೆ? ಜನದ್ ಮುಂದೇನಾ?"

"ಹೂಂ. ಒಂದಕ್ಷರ ಕೆಟ್ರೂ ಆ ಅಂಕಿ ಸಾಲೇ ಬೇಡ ಅಂತೀನಿ. ಬೀಪ್ ಅಂತ ಕೂಗುತ್ತೆ. ಚೀಟಿ ಬರಲ್ಲ. ಮತ್ತೆ ತೂಗ್ಬೇಕು."

"ಬಿಸ್ಲಲ್ಲಿ ಹೂವಿಟ್ಕಂಡ್ ನಿಂತಿರೋರ್ಗೆ ಇನ್ನೊಂದ್ ಸಲ ಇಕ್ಕು ಅಂದ್ರೆ ನನ್ ಜುಟ್ಟು ಇಡೀತಾರೆ ಕಣ್ಲಾ. ಮೆಸಿನ್ನೇ ಸರಿಯಿಲ್ಲ ಅಂತ ನಾವೇ ಡಂಗೂರ ಸಾರ್ದಂಗೆ."

"ಸರಿಯಿಲ್ಲ, ನಿಜ ತಾನೇ?"

ಯಜಮಾನ್ರು ಎಲಡಿಕೆ ಹಾಕ್ಕೊಂಡ್ರು. "ಒಳ್ಗೊಳ್ಗೇ ತಪ್ಪಾಗಿ ಆಚೆ ಓದ್ರೆ ಅದ್ನ ಇಡ್ಯಕ್ಕಾಗಲ್ಲ" ಅಂದ್ರು, ನಂಗೋ ತಮಗೋ ಗೊತ್ತಿಲ್ಲ. "ಆಕು ಬೀಪು."

ignpar ತೆಗೆದೆ. ಕೆಟ್ಟ ಅಕ್ಷರದ ಜಾಗಕ್ಕೆ ಸೊನ್ನೆ ಬೈಟ್, ಅಂದ್ರೆ ಯಾವ ಅಂಕಿನೂ ಅಲ್ಲದ ಖಾಲಿ ಗುರುತು, ಬರೋ ಹಂಗೆ ಮಾಡ್ದೆ. ಅಂಕಿ ಎಲ್ಲಿದ್ರೂ ಹುಡುಕ್ಕೊಂಡು ಬರ್ತಿದ್ದ ಪ್ರೋಗ್ರಾಮನ್ನ ಬದಲಾಯಿಸಿ, ಸಾಲು ಪೂರ್ತಿ ಇದ್ರೆ ಮಾತ್ರ ತಗೋ, ಇಲ್ಲಾಂದ್ರೆ ಬೇಡ ಅಂತ ಬರ್ದೆ. ಕಂಪ್ಯೂಟರ್ ಒಳಗಿನ ಸ್ಪೀಕರ್ ಕಿರಿಚಿದ್ರೆ ಶೆಡ್ಡಿಗೆ ಕೇಳಲ್ಲ ಅಂತ ಒಂದು ಹಳೇ ರೇಡಿಯೋದ ಸ್ಪೀಕರ್ ಕಿತ್ತು ಅದಕ್ಕೆ ಸೇರ್ಸಿ ಕಿಟಕೀಲಿಟ್ಟೆ. ಯಜಮಾನ್ರು ಇನ್ನೂ ಒಂದು ಕಟ್ಟು ಮಾಡಿದ್ರು: ಶೆಡ್ಡಲ್ಲಿ ತೂಕದಣ್ಣ ದೀಪದಲ್ಲಿ ಕಂಡ ತೂಕನ ಜೋರಾಗಿ ಕೂಗ್ಬೇಕು, ಕಿಟಕಿಯಿಂದ ನಾನು ಸ್ಕ್ರೀನಲ್ಲಿ ಬಂದಿದ್ದನ್ನ ವಾಪಸ್ ಕೂಗ್ಬೇಕು. ತಕ್ಕಡಿ ಕಾಲದಲ್ಲಿ ಹಿಂಗೇ ಒಬ್ರು ಕೂಗೋದು, ಒಬ್ರು ಒಪ್ಪೋದು ಇತ್ತಂತೆ. ತೂಕದಣ್ಣನಿಗೆ ಭಾರಿ ಖುಷಿ. ಗಂಟಲು ಸರಿ ಮಾಡ್ಕೊಂಡೇ ನಿಂತ್ರು.

ಗುರುವಾರ ಬೆಳಗ್ಗೆ ಪೂರ್ತಿ ಕೂಗಾಟ ನಡೀತು. ಬೀಪ್ ಒಂದೂ ಇಲ್ಲ. ಮಧ್ಯಾಹ್ನ ಶುರುವಾಯ್ತು.

"ನಲವತ್ಮೂರು ಪಾಯಿಂಟ್ ಆರು!" ಅಂದ್ರು ತೂಕದಣ್ಣ. ಬೀಪ್.

"ಇನ್ನೊಂದ್ಸಲ ಅಣ್ಣ!"

"ನಲವತ್ಮೂರು ಪಾಯಿಂಟ್ ಆರು ಕಣಪ್ಪೋ!" ಬೀಪ್.

"ಕಂಪೂಟ್ರಿಗೆ ಬಿಕ್ಳಿಕೆ ಬಂತು ಕಣ್ರಲಾ! ನೀರ್ ಕುಡ್ಸಿ!"

ನಾನು ಸಾಲಲ್ಲಿ ಎಷ್ಟು ಜನ ಇದಾರೆ ಅಂತ ಕಿಟಕಿಯಿಂದ ಬಗ್ಗಿ ನೋಡ್ದೆ. ಜನಾನೇ ಇಲ್ಲ. ಬೆಳಗ್ಗೆ ಗೇಟ್ ದಾಟಿ ನಿಂತಿದ್ದ ಸಾಲಲ್ಲಿ ಈಗ ಇದ್ದದ್ದು ನಾಲ್ಕೈದು ಚೀಲ, ಚೀಲದ ಪಕ್ಕ ಒಬ್ಬಿಬ್ಬರು. ಜನ ಜಾಸ್ತಿ ಇದ್ದಾಗ ತಪ್ಪಿಲ್ಲ. ಜನ ಇಲ್ಲದಾಗ ತಪ್ಪು. ನಾನು ಅಂದ್ಕೊಂಡಿದ್ದಕ್ಕೆ ಪೂರ್ತಿ ಉಲ್ಟಾ. ಶೆಡ್ಡಿಗೆ ಹೋದೆ.

"ಅಣ್ಣ, ಎಲ್ಲಾ ಎಲ್ಲೋದ್ರು?"

"ಎಲ್ಲೋಯ್ತಾರೆ? ತ್ರೀಫೇಸು ಬಂತಲ್ಲಪ್ಪ. ನೀರ್ ತಿರುಗಿಸ್ಬ್ಯಾಡ್ವಾ?"

ನಮ್ ಕಡೆ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ದಿನವಿಡೀ ಇರಲ್ಲ. ಒಂದು ವಾರ ಬೆಳಗ್ಗೆ ಕೊಟ್ರೆ ಇನ್ನೊಂದು ವಾರ ಮಧ್ಯಾಹ್ನ. ಆ ವಾರ ಬುಧವಾರದಿಂದ ಪಾಳಿ ಬದಲಾಗಿತ್ತು. ಕರೆಂಟ್ ಬಂದಾಗ ತೋಟದಲ್ಲಿ ಯಾರೂ ಇಲ್ದೇ ಇದ್ರೂ ಮೋಟ್ರು ತಾನೇ ಓಡ್ಲಿ ಅಂತ ಎಲ್ಲರೂ ಸ್ಟಾರ್ಟರನ್ನ ಆಟೋಗೆ ಹಾಕಿಟ್ಟಿರ್ತಾರೆ. ಹಂಗಾಗಿ ಕರೆಂಟ್ ಬಂದ ತಕ್ಷಣ ಸುತ್ತಮುತ್ತಲ ಮೋಟ್ರೆಲ್ಲಾ ಒಟ್ಟಿಗೆ ಏಳುತ್ತೆ, ಓಲ್ಟೇಜು ನೆಲ ಕಚ್ಚುತ್ತೆ. ಜನ ಚೀಲನ ಅಣ್ಣತಮ್ಮಂದಿರಿಗೆ ಒಪ್ಪಿಸಿ ಗದ್ದೆಗೆ ಓಡ್ತಾರೆ.

ಅಕ್ಕನ ಚೀಟಿ ಕೆಟ್ಟಿದ್ದು ಬೆಳಗ್ಗೆ, ಬೆಳಗಿನ ಪಾಳಿ ವಾರದಲ್ಲಿ. ಆನೆ ಬಂದಿದ್ದು ಮಧ್ಯಾಹ್ನ. ಮಂಗಳವಾರ ನಾನು ಕಲ್ಲಿಟ್ಟು ನೋಡಿದ್ದು ತ್ರೀಫೇಸ್ ಹೋದ್ಮೇಲೆ.

ಯಾರ್ಡಿನ ಹಿಂದೆ ಯಜಮಾನ್ರ ಬಾಳೆ ತೋಟ. ಅದರ ಬೋರ್‌ವೆಲ್ ಇದ್ದದ್ದು ಗೇಟ್ ಹತ್ರ, ಸ್ಟಾರ್ಟರ್ ಡಬ್ಬ ಇದ್ದದ್ದು ಆಫೀಸ್ ಗೋಡೆ ಮೇಲೆ. ಹತ್ರ ಹೋಗಿ ಕಿವಿ ಕೊಟ್ಟೆ. ಓಲ್ಟೇಜ್ ಸಾಲದೆ ಒಳಗೆ ಕಟಕಟ ಅಂತ ಹಲ್ಲು ಕಡೀತಿತ್ತು. ಅಲ್ಲಿಂದ ಮೋಟ್ರಿಗೆ ಹೋಗೋ ದಪ್ಪ ವೈರು ಯಾರ್ಡಿನ ಕಾಂಕ್ರೀಟ್ ಕೆಳಗೆ ಒಂದು ಪೈಪಲ್ಲಿ ಇಳೀತಿತ್ತು. ಅದೇ ಪೈಪಿನ ಬಾಯಿಂದ ನನ್ನ ಸೀರಿಯಲ್ ವೈರೂ ಆಚೆ ಬರ್ತಿತ್ತು, ಎರಡೂ ಮೈಗೆ ಮೈ ಅಂಟಿಸ್ಕೊಂಡು. ನನ್ನದು ಬರೀ ಟೆಲಿಫೋನ್ ವೈರು.

ತೂಕದಣ್ಣನಿಗೆ ಒಂದೇ ಚೀಲ ಇಟ್ಟು ಬಟನ್ ಒತ್ತುತ್ತಾ ಇರಿ ಅಂದೆ. ಸ್ಟಾರ್ಟರ್ ಆಫ್ ಮಾಡ್ದೆ. ಸರಿ, ಸರಿ, ಸರಿ. ಆನ್ ಮಾಡ್ದೆ. ಸರಿ, ಬೀಪ್, ಬೀಪ್, ಸರಿ, ಬೀಪ್. ಯಜಮಾನ್ರು ಪಕ್ಕದಲ್ಲೇ ನಿಂತು ನೋಡ್ತಿದ್ರು. ತಾವೇ ಒಂದು ಸಲ ಆಫ್ ಮಾಡಿ, ಆನ್ ಮಾಡಿ ನೋಡಿದ್ರು.

"ನನ್ ಮೋಟ್ರೇ ನನ್ ತೂಕ ತಿಂತಾ ಅದೆ" ಅಂದ್ರು.

ವೈರಿಂಗ್ ಮಾಡಿದ್ದ ಅಣ್ಣನ್ನ ಕರೆಸಿದ್ರು. ಆತ ಒಂಚೂರೂ ಬೇಜಾರು ಮಾಡ್ಕೊಳ್ಲಿಲ್ಲ. "ಪೈಪ್ ಇತ್ತು, ಪೈಪಲ್ಲಿ ಜಾಗ ಇತ್ತು. ಕಾಂಕ್ರೀಟ್ ಮತ್ತೆ ಒಡೀರಿ ಅಂದಿದ್ರೆ ನೀವ್ ಬುಡ್ತಿದ್ರಾ ಯಜಮಾನ್ರೇ?" ಅಂದ. ಬಿಡ್ತಿರ್ಲಿಲ್ಲ. ಈಗ್ಲೂ ಬಿಡಲ್ಲ, ಹೂವಿನ ಲಾರಿ ಅದರ ಮೇಲೇ ಓಡಾಡ್ಬೇಕು. ಸೋಮವಾರ ಒಂದಿನ ಮೋಟ್ರು ನಿಲ್ಲಿಸಿದ್ರೆ? ಅದನ್ನ ಕೇಳೋಕೆ ಬಾಯಿ ತೆಗೆದೆ, ಯಜಮಾನ್ರೇ ಮುಂಚೆ ಹೇಳಿದ್ರು: "ಸೋಮ್ವಾರ ಮೋಟ್ರು ನಿಲ್ಸಿ ಸರಿಮಾಡ್ದೆ ಅನ್ಬ್ಯಾಡ. ಮಂಗ್ಳಾರ ಮತ್ತೆ ಓಡ್ತದೆ ಅದು."

ಹಂಗಾದ್ರೆ ವೈರು ಮೇಲಿಂದ ಹೋಗ್ಬೇಕು, ಗಲಾಟೆ ತಡೆಯೋ ಕವಚ ಇರೋ ವೈರಾಗ್ಬೇಕು. ಮೈಸೂರಿಗೆ ಹೋಗಿ ಹುಡುಕೋಕೆ ಟೈಮಿಲ್ಲ. ಪೇಟೇಲಿ ನಡ್ಕೊಂಡು ಬರ್ತಿದ್ದಾಗ ಕಂಬದ ಮೇಲೆ ಕೇಬಲ್ ಟೀವಿಯೋನು ವೈರ್ ಎಳೀತಿದ್ದ. ಒಳಗೆ ಒಂದು ತಾಮ್ರದ ಎಳೆ, ಸುತ್ತ ಹೆಣೆದ ಜಾಲರಿ. ನಾನು ಅಲ್ಲೇ ನಿಂತೆ. ತೂಕದ ಮೆಷಿನ್ ಹೇಳುತ್ತೆ, ಕಂಪ್ಯೂಟರ್ ಕೇಳುತ್ತೆ, ಅಷ್ಟೇ. ಕಂಪ್ಯೂಟರ್ ವಾಪಸ್ ಏನೂ ಹೇಳ್ಬೇಕಾಗಿಲ್ಲ. ಒಂದು ಎಳೆ ಅಂಕಿಗೆ, ಜಾಲರಿ ಗ್ರೌಂಡಿಗೆ. ಬೇರೇನೂ ಬೇಡ.

"ಒಂದು ಕಂತೆ ಕೊಡಣ್ಣ" ಅಂದೆ.

"ಕನೆಕ್ಷನ್ ಯಾವ್ ಮನೆಗೆ?"

"ಮನೆಗಲ್ಲ, ತೂಕದ ಮೆಷಿನ್ನಿಗೆ."

ಕಂಬದ ಮೇಲಿಂದ ನನ್ನನ್ನ ಸರಿಯಾಗಿ ನೋಡ್ದ. "ತೂಕದ್ ಜೊತೆ ಪಿಚ್ಚರೂ ಬತ್ತದಾ?"

ಶುಕ್ರವಾರ ಶೆಡ್ಡಿನ ತಗಡಿಂದ ಆಫೀಸ್ ಸೂರಿನವರೆಗೆ ಜಿಐ ತಂತಿ ಬಿಗಿದು, ಅದಕ್ಕೆ ಕೇಬಲ್ ಕಟ್ಟಿದ್ವಿ. ಲಾರಿ ತಲೆಗೆ ತಾಗದಷ್ಟು ಎತ್ತರ. ಎರಡೂ ತುದೀಲಿ ಪೋರ್ಟಿನ ಕನೆಕ್ಟರಿಗೆ ನಾನೇ ಸಾಲ್ಡರ್ ಮಾಡ್ದೆ. ಮೆಷಿನ್ನಿನ ಸ್ಪೀಡನ್ನೂ ಸೆಕೆಂಡಿಗೆ 9600 ಬಿಟ್ಟಿಂದ 1200ಕ್ಕೆ ಇಳಿಸ್ದೆ. ಒಂದೊಂದು ಬಿಟ್ಟು ಜಾಸ್ತಿ ಹೊತ್ತು ನಿಂತ್ರೆ ಸಣ್ಣಪುಟ್ಟ ಗಲಾಟೆ ಅದನ್ನ ಕೆಡಿಸೋಕಾಗಲ್ಲ. ಶುಕ್ರವಾರ, ಶನಿವಾರ ತ್ರೀಫೇಸ್ ಇದ್ದಷ್ಟು ಹೊತ್ತೂ ನಾನು fe ನಂಬರ್ ನೋಡ್ತಾ ಕೂತಿದ್ದೆ. ಏರಲಿಲ್ಲ. ಆದ್ರೆ ಬುಧವಾರ ಬೆಳಗ್ಗೆನೂ ನಂಗೆ ಹಿಂಗೇ ಅನ್ಸಿತ್ತು. ಹಂಗಾಗಿ ಯಜಮಾನ್ರಿಗೆ ಏನೂ ಹೇಳ್ಲಿಲ್ಲ.

ಸೋಮವಾರ ಬೆಳಗ್ಗೆ ಟ್ರ್ಯಾಕ್ಟರ್ ಬರ್ಲಿಲ್ಲ. ಹತ್ತಾಯ್ತು, ಹನ್ನೊಂದಾಯ್ತು. ಯಜಮಾನ್ರು ಗೇಟಿಗೂ ಆಫೀಸಿಗೂ ಸುಮ್ನೆ ಓಡಾಡ್ತಿದ್ರು. ಬೇಗೂರಿಗೇ ಹೋಗಿರ್ಬೇಕು ಅಂತ ನಾನು ಅಂದ್ಕೊಂಡೆ. ಊಟದ ಹೊತ್ತಿಗೆ ಟ್ರ್ಯಾಕ್ಟರ್ ಸದ್ದು ಕೇಳ್ತು. ಟೈರ್ ಪಂಚರ್ ಆಗಿತ್ತಂತೆ. ಹೂವಿನ ಮೇಲೆ ಒದ್ದೆ ಗೋಣಿ ಹೊದಿಸಿದ್ರು. ಚೀಲ ಇಳಿಸ್ತಿದ್ದಂಗೆ ತ್ರೀಫೇಸ್ ಬಂತು. ಗೋಡೆ ಮೇಲಿನ ಸ್ಟಾರ್ಟರ್ ಕಟಕಟ ಅಂತ ಶುರುವಾಯ್ತು. ಯಜಮಾನ್ರು ಅದರ ಕಡೆ ಒಂದು ಸಲ ನೋಡಿದ್ರು. ಕೈ ಹಾಕ್ಲಿಲ್ಲ.

"ಮೂವತ್ತಾರು ಪಾಯಿಂಟ್ ಎಂಟು!" ಅಂತ ಶೆಡ್ಡಿಂದ ತೂಕದಣ್ಣ.

"ಮೂವತ್ತಾರು ಪಾಯಿಂಟ್ ಎಂಟು!" ಅಂತ ಕಿಟಕಿಯಿಂದ ನಾನು.

ಅಕ್ಕ ಶೆಡ್ಡಲ್ಲೂ ನಿಲ್ಲಲಿಲ್ಲ, ಕಿಟಕಿ ಹತ್ರಾನೂ ಬರ್ಲಿಲ್ಲ. ಯಾರ್ಡಿನ ಮಧ್ಯದಲ್ಲಿ, ಎರಡು ಕೂಗೂ ಕೇಳೋ ಜಾಗದಲ್ಲಿ ಸೆರಗು ತಲೆಗೆ ಹಾಕ್ಕೊಂಡು ಬಿಸಿಲಲ್ಲಿ ನಿಂತ್ರು. ಶೆಡ್ಡು ಕೂಗಿದಾಗ ಅತ್ತ ಕಿವಿ, ನಾನು ಕೂಗಿದಾಗ ಇತ್ತ ಕಿವಿ. ಒಂದೊಂದು ಚೀಲಕ್ಕೂ ಬೆರಳು ಮಡಚ್ತಿದ್ರು. ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಹಿಂಗೇ ಅರ್ಧ ಲೋಡ್ ಮುಗೀತು.

ಅಷ್ಟರಲ್ಲಿ ಹೂ ತುಂಬಿದ ಲಾರಿ ಆಚೆ ಹೊರಟಿತು. ಮೇಲೆ ಒಟ್ಟಿದ್ದ ಚೀಲ ಕೇಬಲ್ಲಿಗೆ ಉಜ್ಜಿ ಅದನ್ನ ಜಗ್ಗಿದ್ದು ನಂಗೆ ಕಿಟಕಿಯಿಂದ ಕಾಣ್ತು. ಅದೇ ಹೊತ್ತಿಗೆ ತೂಕದಣ್ಣ ಬಟನ್ ಒತ್ತಿದ್ರು.

ಬೀಪ್.

ಸಾಲಲ್ಲಿದ್ದೋರೆಲ್ಲಾ ಅಕ್ಕನ ಕಡೆ ತಿರುಗಿದ್ರು. ಯಜಮಾನ್ರೂ. ನಾನು ಎದ್ದು ನಿಂತೆ, ಏನೋ ಹೇಳೋಕೆ ಹೊರಟೆ.

ಅಕ್ಕ ತಮ್ಮ ಊರಿನ ಹೆಂಗಸೊಬ್ಬರ ಜೊತೆ ಪಂಚರ್ ಹಾಕಿದೋನ ವಿಷಯ ಮಾತಾಡ್ತಿದ್ರು. ಮಾತು ನಿಲ್ಲಿಸ್ಲಿಲ್ಲ. ಶೆಡ್ಡಿನ ಕಡೆ ಕೈ ಮಾತ್ರ ಬೀಸಿದ್ರು. "ಇಳ್ಸಿ ಮತ್ತೆ ಇಕ್ರಲಾ, ಅದುಕ್ಕೆ ಸರಿಯಾಗಿ ಕೇಳ್ಸಿಲ್ಲ. ಹೂಂ ಕಣಮ್ಮಿ, ಅವ್ನು ಪಂಪ್ ಒಡ್ಯಕ್ಕೇ ಅರ್ಧ ಗಂಟೆ ಮಾಡ್ದ..."

ಚೀಲ ಇಳಿಸಿ ಇಟ್ರು. ತೂಕದಣ್ಣ ಕೂಗಿದ್ರು. ನಾನೂ ಕೂಗ್ದೆ. ಅಕ್ಕನ ಬೆರಳು ಮಡಚ್ತು.

ಕೊನೇ ಚೀಲ ಆದ್ಮೇಲೆ ಕಿಟಕಿಗೆ ಬಂದ್ರು. ಚೀಟಿಗಳನ್ನ ಒಟ್ಟಿಗೆ ಕೊಟ್ಟೆ. ಒಂದನ್ನೂ ತಿರುಗಿಸಿ ನೋಡ್ಲಿಲ್ಲ. ಮಡಚಿ ಸೊಂಟದ ಚೀಲಕ್ಕೆ ತುರುಕ್ಕೊಂಡು, ನನ್ನ ಮುಖ ನೋಡಿ, "ನೀರ್ ಕುಡ್ಯೋ ಮಗ" ಅಂದು ಟ್ರ್ಯಾಕ್ಟರ್ ಹತ್ತಿದ್ರು.